ಜೇಕು ನೆಡುವ ಗುತ್ತಿಗೆ

ನಿಮ್ಮಲ್ಲಿ ಯಾರಿಗಾದರೂ ಹುಚ್ಚ ಎನ್ನಿಸಿಕೊಳ್ಳುವ ಆಸೆ ಇದೆಯೇ? ಸುಲಭದ ದಾರಿ ಇದೆ. ಮಾನವಿ ರಸ್ತೆಯ ಯಾವುದಾದರೂ ಚಹಾದಂಗಡಿಯಲ್ಲಿ ಕುಳಿತು, ‘ಜೇಕು ನೆಡಬೇಕಾಗಿದೆ, ಗುತ್ತಿಗೆ ಹಿಡಿಯುವವರು ಇದ್ದಾರೆಯೇ?’ ಎಂದು ಕೇಳಿ.

ನಾನು ಪೋತ್ನಾಳದಲ್ಲಿ ಕೇಳಿದೆ. ಚಹಾ ಸೋಸುತ್ತಿದ್ದವನ ಕೈ ಅಲ್ಲೇ ನಿಂತಿತು. ಬೆಂಚಿನ ಮೇಲಿದ್ದ ರೈತರೊಬ್ಬರು ನನ್ನಿಂದ ಸ್ವಲ್ಪ ದೂರ ಸರಿದು ಕುಳಿತರು.

“ಕೀಳಾಕೇನ್ರಿ?”

“ಅಲ್ರೀ, ಹಚ್ಚಾಕ.”

“ಯಾವೂರ್ರಿ ನಿಮ್ದು?”

“ರಾಯಚೂರು.”

“ಹಂಗಾರ ಸರಿ ಬಿಡ್ರಿ,” ಎಂದರು. (ಏನು ಸರಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.)

ಭತ್ತದ ಸೀಮೆಯವರಲ್ಲದ ಓದುಗರಿಗೆ ಒಂದು ವಿವರಣೆ ಕೊಡಬೇಕು. ಜೇಕು ಎಂಬುದು ನೀರು ನಿಂತಲ್ಲೆಲ್ಲ ಕರೆಯದೆ ಬರುವ ಒಂದು ಹುಲ್ಲು. ಭತ್ತಕ್ಕೆ ಅದು ಜನ್ಮವೈರಿ. ನಮ್ಮ ಕಾಲುವೆ ಭಾಗದ ಹೆಣ್ಣುಮಕ್ಕಳು ಅದನ್ನು ಕೀಳುತ್ತ, ಬೈಯುತ್ತ, ಮತ್ತೆ ಕೀಳುತ್ತ ಸೊಂಟ ಸವೆಸಿಕೊಂಡಿದ್ದಾರೆ. ಅಂಥದ್ದನ್ನು ಕೂಲಿ ಕೊಟ್ಟು ನೆಡಿಸುತ್ತೇನೆ ಎಂದರೆ, ಇಲಿ ಸಾಕಲು ಮನೆ ಬಾಡಿಗೆಗೆ ಕೇಳಿದಂತೆ.

ಆದರೆ ನನಗೆ ಜೇಕೇ ಬೇಕಿತ್ತು. ಕಾರಣ, ನಮ್ಮ ಕೆರೆ.

ನಮ್ಮ ಕಾಲೊನಿಯ ಬೆನ್ನಿಗೆ ಒಂದು ಸಣ್ಣ ಕೆರೆ ಇದೆ. ಎರಡು ವರ್ಷದ ಹಿಂದೆ ಕೆರೆ ಸಮಿತಿಯ ನಾವೆಲ್ಲ ಸೇರಿ ಅದನ್ನು ‘ಅಭಿವೃದ್ಧಿ’ ಮಾಡಿದೆವು. ಅಂದರೆ ದಂಡೆಯ ಮೇಲಿದ್ದ ಜಾಲಿ, ಆಪು ಎಂಬ ಆಳೆತ್ತರದ ನೀರುಹುಲ್ಲು, ಜೇಕು, ಎಲ್ಲವನ್ನೂ ಜೆಸಿಬಿಯಿಂದ ಬುಡದ ಮಣ್ಣು, ಗಡ್ಡೆ ಸಮೇತ ಕೆರೆಸಿ ಬೋಳು ಮಾಡಿದೆವು. ಫೋಟೋ ಚೆನ್ನಾಗಿ ಬಂತು. ಮೊದಲ ಮಳೆಗೇ ದಂಡೆ ಕರಗಿ ಕೆರೆಯೊಳಗೆ ಇಳಿಯಿತು. ನೀರು ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು. ನೀರುಕೋಳಿಗಳು ನಮಗೆ ನಮಸ್ಕಾರ ಹೇಳಿ ಹೊರಟುಹೋದವು.

ಸಮಿತಿಯ ಅಧ್ಯಕ್ಷರು ಶರಣಪ್ಪ ಸಾವಕಾರರು. ರೈಸ್ ಮಿಲ್ ಉಂಟು, ದೊಡ್ಡ ಮನಸ್ಸುಂಟು, ಸಿಮೆಂಟಿನ ಮೇಲೆ ಅಪಾರ ಭಕ್ತಿಯುಂಟು. ದಂಡೆಗೆ ಪೇವರ್ ಇಟ್ಟಿಗೆ ಹಾಸಿ, ಸ್ಟೀಲ್ ರೇಲಿಂಗ್ ಬಿಗಿದು, ಮೂಲೆಗೊಂದು ಸಿಮೆಂಟಿನ ಹಂಸ ಕೂರಿಸುವುದು ಅವರ ಯೋಜನೆ. ನಾನು ಸಮಿತಿಯ ಕಾರ್ಯದರ್ಶಿ. ಸರ್ವೆ ಇಲಾಖೆಯಲ್ಲಿ ಆಯುಷ್ಯವೆಲ್ಲ ಸರಪಳಿ ಎಳೆದು ನಿವೃತ್ತನಾಗಿ, ಈಗ ಈ ಅಂಕಣ ಬರೆಯುತ್ತಿರುವವನು. ಕಿತ್ತದ್ದನ್ನೇ ತಿರುಗಿ ನೆಟ್ಟರೆ ದಂಡೆ ನಿಲ್ಲುತ್ತದೆ, ಹಕ್ಕಿಗಳು ಬರುತ್ತವೆ ಎಂದು ಸಭೆಯಲ್ಲಿ ಎದ್ದುನಿಂತು ವಾದಿಸಿದೆ.

ಸಾವಕಾರರು ಪೂರ್ತಿ ಕೇಳಿದರು. ಆಮೇಲೆ ತೀರ್ಪು ಕೊಟ್ಟರು.

“ಆತು ಸರ್ವೆಯರ್ ಸಾಹೇಬ್ರ. ದೀಪಾವಳಿ ತನಕ ಟೈಮ್ ತಗೋರಿ. ಅಷ್ಟರಾಗ ದಂಡಿ ಹಸರಾಗ್ಲಿಲ್ಲಂದ್ರ ನಾ ಪೇವರ್ ಹಾಕಸ್ತೀನಿ. ಆಮ್ಯಾಲ ಕೆರಿ ವಿಷಯದಾಗ ನೀವು ಬಾಯಿ ತೆಗಿಬಾರ್ದು ನೋಡ್ರಿ.”

ಅಂಕಣಕಾರನಿಗೆ ಬಾಯಿ ತೆಗೆಯಬಾರದು ಎನ್ನುವುದು ಗಲ್ಲು ಶಿಕ್ಷೆ. ಆದರೂ ಒಪ್ಪಿದೆ.

ಹಾಗೆ ಗುತ್ತಿಗೆದಾರರ ಬೇಟೆ ಶುರುವಾಯಿತು. ಮೊದಲು ಬಂದವನು ಶಕ್ತಿನಗರದ ಒಬ್ಬ ಗಾರ್ಡನ್ ಕಾಂಟ್ರಾಕ್ಟರ್. ಮೊಬೈಲಿನಲ್ಲಿ ಮೆಕ್ಸಿಕನ್ ಲಾನ್ ತೋರಿಸಿದ. ಜೇಕು ಎಂದೆ. ಪಾಮ್ ಗಿಡ ತೋರಿಸಿದ. ಜೇಕು ಎಂದೆ. “ಸರ್, ನೀವು ಮನಿಯಾಗ ಒಮ್ಮಿ ಮಾತಾಡ್ರಿ,” ಎಂದು ಕರುಣೆಯಿಂದ ಹೇಳಿ ಹೋದ. (ಮನೆಯಲ್ಲಿ ಮಾತಾಡಿದೆ. ಹೆಂಡತಿ ಅವನ ಪಕ್ಷ.)

ಕೊನೆಗೆ ಸಿಕ್ಕಿದವಳು ಹುಲಿಗೆಮ್ಮ.

ದೇವದುರ್ಗದ ಕಡೆಯವಳು. ಒಂದು ಟಂಟಂ ಆಟೋ ಭರ್ತಿ ಹೆಣ್ಣಾಳುಗಳನ್ನು ಕಟ್ಟಿಕೊಂಡು ಮಾನವಿ ಭಾಗದಲ್ಲಿ ಭತ್ತದ ನಾಟಿ ಗುತ್ತಿಗೆ ಹಿಡಿಯುವವಳು. ಸಂಕೋಚ ಎಂಬ ಪದಾರ್ಥ ಅವಳ ಹತ್ತಿರ ಸುಳಿದಿಲ್ಲ. ಬಂದವಳೇ ಕೆರೆಯನ್ನೊಮ್ಮೆ, ನನ್ನನ್ನೊಮ್ಮೆ ಅಳೆದಳು.

“ಜೇಕು ಹಚ್ಚಬೇಕಂತಲ್ರಿ? ಖರೇವೇನು?”

“ಖರೇನವ್ವಾ.”

“ನಮ್ಮತ್ತಿ ಬದಕಿದ್ರ ಇದನ್ನ ಕೇಳಿ ನಕ್ಕೋತ ಸಾಯ್ತಿದ್ದಳು. ಆಗ್ಲಿ. ಹುಲಿಗೆಮ್ಮ ಹಚ್ಚಿದ್ದು ಬಾಡೇದ ಅಂತ ಈ ಜಿಲ್ಲಾದಾಗ ಒಬ್ರೂ ಅಂದಿಲ್ಲ, ಜೇಕಾದ್ರೂ ಅಷ್ಟ. ಆದ್ರ ಗುತ್ತಿಗಿ ನಮ್ಮ ಪದ್ಧತಿ ಪ್ರಕಾರ. ನಾಟಿ ಒಂದು, ಆಮ್ಯಾಲ ಕಳೆ ಒಂದು. ಎರಡೂ ಕೂಡಿ.”

ಹಚ್ಚಿದವರೇ ಒಮ್ಮೆ ಬಂದು ಕಳೆ ತೆಗೆದುಕೊಡುವುದು ಅವರ ರಿವಾಜು. ನಾನು ಉದಾರವಾಗಿ ತಲೆಯಾಡಿಸಿದೆ. ಜೇಕು ನೆಡುವ ಗುತ್ತಿಗೆಯಲ್ಲಿ ಕಳೆ ಎಂದರೆ ಯಾವುದು ಎಂದು ಆ ಕ್ಷಣದಲ್ಲಿ ನೀವಾದರೂ ಕೇಳುತ್ತಿದ್ದಿರಾ?

ನಾಟಿಯ ದಿನ ಕೆರೆಯ ದಂಡೆಯಲ್ಲಿ ಹಬ್ಬ. ಪೋತ್ನಾಳದ ಗದ್ದೆಗಳ ಬದುವಿನಿಂದ ಕೆಸರು ಸಮೇತ ಅಗೆದು ತಂದ ಜೇಕು, ಆಪಿನ ಹೊರೆಗಳು ಟಂಟಂನಿಂದ ಇಳಿದವು. ಹುಲಿಗೆಮ್ಮ ಮೊದಲ ಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. ಜೇಕಿಗೆ ಇಂಥ ಮರ್ಯಾದೆ ಹಿಂದೆಂದೂ ಆಗಿರಲಾರದು. ಹೆಂಗಸರು ಸೀರೆ ಎತ್ತಿಕಟ್ಟಿ, ಹಗ್ಗ ಹಿಡಿದು, ನಗುತ್ತ ನೀರಿಗಿಳಿದರು. ಸಂಜೆಯ ಹೊತ್ತಿಗೆ ದಂಡೆಯುದ್ದಕ್ಕೂ ಸಾಲು. ಎಂಥ ಸಾಲು! ನಾನು ಸರ್ವೆಯವನು, ನೇರ ಗೆರೆ ಕಂಡರೆ ಕಣ್ಣು ತುಂಬುವವನು. ನೈಸರ್ಗಿಕವಾಗಿ ಕಾಣಬೇಕು, ಸ್ವಲ್ಪ ಚೆಲ್ಲಾಪಿಲ್ಲಿ ಇರಲಿ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಮೂರ್ನಾಲ್ಕು ವಾರದಲ್ಲಿ ಜೇಕು ಚಿಗುರಿತು. ಬೆಳಗಿನ ವಾಕಿಂಗಿನಲ್ಲಿ ನನ್ನ ನಡಿಗೆಯ ಗತ್ತೇ ಬೇರೆಯಾಯಿತು. ದಂಡೆ ಹಸಿರು, ಸಾವಕಾರರ ಮುಖ ಸಪ್ಪೆ.

ದಸರೆಯ ಹೊತ್ತಿಗೆ ದೇವದುರ್ಗದಲ್ಲಿ ನೆಂಟರ ಮನೆಯ ನಿಶ್ಚಯಕ್ಕೆ ಹೋದೆವು. ಅಲ್ಲಿಯೂ ಕೆರೆಯ ಪುರಾಣವನ್ನೇ ಓದಿದೆ. ಮರುದಿನ ಸಂಜೆ ವಾಪಸ್ಸು ಬಂದು, ಬ್ಯಾಗು ಬಾಗಿಲಲ್ಲಿಟ್ಟು ನೇರವಾಗಿ ದಂಡೆಗೆ ಹೋದೆ.

ಜೇಕು ಇರಲಿಲ್ಲ.

ಕಿತ್ತ ಜೇಕು, ಆಪು ಏರಿಯ ಮೇಲೆ ಒಪ್ಪವಾಗಿ ಗುಡ್ಡೆ ಹಾಕಿದ್ದವು, ಬಿಸಿಲಿಗೆ ಬಾಡಿ ಕಪ್ಪಾಗಿ. ಆ ಮಬ್ಬಿನಲ್ಲಿ ಏರಿಯ ಮೇಲಿಂದ ಕಂಡಷ್ಟು ದಂಡೆ ಬಾಚಣಿಗೆಯಲ್ಲಿ ಬಾಚಿದಂತೆ ಶುಚಿ. ಫೋನು ಹಚ್ಚಿದೆ.

“ಹುಲಿಗೆಮ್ಮಾ, ಜೇಕು ಎಲ್ಲೈತೆವ್ವಾ?”

“ಕಿತ್ತೀವ್ರಿ! ಒಂದು ಎಳಿ ಸೈತ ಬಿಟ್ಟಿಲ್ಲ. ನಿನ್ನಿ ಮುಂಜಾನಿ ಬಂದು ಸಂಜಿಮಟ ಮಾಡೀವಿ. ನೋಡಿದ್ರಿಲ್ಲೋ?” ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

“ನಾವು ಹಚ್ಚಿದ್ದು ಜೇಕನ ಅಲ್ಲೇನವ್ವಾ?”

ಆ ಕಡೆಯಿಂದ ಬಂದದ್ದು ಒಂದೇ ಮಾತು: “ಯವ್ವಾ... ಜೇಕು ಕಂಡಕೂಡ್ಲೆ ರೂಢಿ ಮ್ಯಾಲ ಕೈ ಹೋತಲ್ರಿ.”

ಸುದ್ದಿ ಸಾವಕಾರರಿಗೆ ನನಗಿಂತ ಮೊದಲೇ ಮುಟ್ಟಿತ್ತು. ಬೆಳಗಾಗುವುದರೊಳಗೆ ಅವರೂ ಬಂದರು, ಅವರ ಹಿಂದೆ ಜೆಸಿಬಿಯೂ ಬಂತು.

“ದೀಪಾವಳಿ ತನಕ ಯಾಕ ಕಾಯೂದ್ರಿ? ನಿಮ್ಮ ಗುತ್ತಿಗೆದಾರ್ತಿನ ನೆಲ ಹಸನು ಮಾಡಿ ಕೊಟ್ಟಾಳ. ಪೇವರ್ ಹಾಕೂದಷ್ಟ ಬಾಕಿ,” ಎಂದು ನಕ್ಕರು. ನಾನು ಬಾಯಿ ತೆಗೆಯುವಂತಿರಲಿಲ್ಲ.

ಸಾವಕಾರರು ಜಾಗ ತೋರಿಸಲು ನೀರಿನ ಅಂಚಿಗೆ ಇಳಿದರು. ಇಳಿದವರು ಅಲ್ಲೇ ನಿಂತರು. ಬಗ್ಗಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಇದು ನೆಲ್ಲಲ್ಲೇನ್ರಿ?”

ನೆಲ್ಲು! ಭತ್ತ! ಪೋತ್ನಾಳದ ಬದುವಿನ ಕೆಸರಿನ ಜೊತೆಗೆ ಉದುರಿದ ಕಾಳು ಬಂದಿವೆ. ಜೇಕಿನ ಬುಡದಲ್ಲಿ ಮೊಳೆತಿವೆ. ಕಳೆ ತೆಗೆಯಲು ಬಂದ ಹೆಂಗಸರು ಜೇಕು ಕಿತ್ತು ಭತ್ತ ಉಳಿಸಿದ್ದಾರೆ. ಉಳಿಸಿದ್ದಷ್ಟೇ ಅಲ್ಲ, ಅಲ್ಲೊಂದು ಇಲ್ಲೊಂದು ಇದ್ದ ಸಸಿಗಳನ್ನು ಕಿತ್ತು ತಂದು ಸಾಲು ತುಂಬಿದ್ದಾರೆ. ರಾಯಚೂರು ನಗರದ ಕಾಲೊನಿಯೊಂದರ ಕೆರೆಯ ದಂಡೆಯಲ್ಲಿ ಭತ್ತದ ನಾಟಿ ಶಾಸ್ತ್ರೋಕ್ತವಾಗಿ ನೆರವೇರಿತ್ತು.

ಜೆಸಿಬಿಯವನು ಮೇಲಿನಿಂದ ಕೂಗಿದ: “ಹೊಡೀಲೇನ್ರಿ ಸಾವಕಾರ್ರ?”

“ಏನ್ ಹೊಡೀತಿಲೇ? ಅನ್ನದ ಮ್ಯಾಲ ಗಾಲಿ ಹೊಡೀತಿ? ಕಣ್ಣು ಕಾಣ್ವಲ್ಲವೇನು? ಹಿಂದಕ್ಕ ತಗೋ!”

ಹುಟ್ಟಿದಾಗಿನಿಂದ ನೆಲ್ಲಿನ ನಡುವೆ ಬೆಳೆದ ಮನುಷ್ಯ. ಮಿಲ್ಲಿನ ಅಂಗಳದಲ್ಲಿ ಕಾಳು ಚೆಲ್ಲಿದ್ದರೆ ಚಪ್ಪಲಿ ಬಿಟ್ಟು ದಾಟುವವರು. ಹಂಸದ ಆಸೆ ಎಷ್ಟೇ ಇರಲಿ, ನಿಂತ ಪೈರಿನ ಮೇಲೆ ಯಂತ್ರ ಹಾಯಿಸಲು ಅವರಿಗೆ ಕೈಯೇಳಲಿಲ್ಲ. ನನ್ನತ್ತ ತಿರುಗಿ, ಸೋತ ದನಿಯಲ್ಲಿ, “ತೆನಿ ಬಲಿತು ಕೊಯ್ಲು ಆಗೋತನಕ ಯಾರೂ ಮುಟ್ಟಬ್ಯಾಡ್ರಿ,” ಎಂದರು.

ದೀಪಾವಳಿಯ ಗಡುವು ಕೊಯ್ಲಿಗೆ ಹೋಯಿತು. ನನ್ನ ವಾದಕ್ಕೆ ಸಿಗದ ತಡೆಯಾಜ್ಞೆ ನಾಲ್ಕು ಹಿಡಿ ಭತ್ತಕ್ಕೆ ಸಿಕ್ಕಿತು.

ಅಷ್ಟು ಹೊತ್ತಿಗೆ ಟಂಟಂ ಬಂತು. ಹುಲಿಗೆಮ್ಮ ಇಳಿಯುತ್ತಲೇ ಗ್ಯಾಂಗಿನ ಮೇಲೆ ಹರಿಹಾಯ್ದಳು.

“ಲೇ ದುರುಗಮ್ಮ, ನಿಂಗರ ಕಣ್ಣಿದ್ದಿಲ್ಲೇನಬೇ?”

“ಯಕ್ಕಾ, ಎಲ್ಲಾರ್ಕಿಂತ ಮುಂದ ಸಾಲು ಹಿಡದು ಕೀಳಾಕತ್ತಿದ್ದಾಕಿ ನೀನ!”

ಸಾವಕಾರರಿಗೂ ನಗು ತಡೆಯಲಿಲ್ಲ. ಹುಲಿಗೆಮ್ಮ ಮಾತ್ರ ನಗಲಿಲ್ಲ. ಅವಳ ಹೆಸರಿನ ಪ್ರಶ್ನೆ. ನೀರಿಗಿಳಿದು ಕೆಸರಿನೊಳಗೆ ಕೈ ಹಾಕಿ ತಡವಿ, ಒಂದು ಗಡ್ಡೆಯ ತುಂಡು ಎತ್ತಿ ನನ್ನ ಮುಖಕ್ಕೆ ಹಿಡಿದಳು.

“ಇಷ್ಟಕ್ಕ ಮಾರಿ ಯಾಕ ಸಣ್ಣದು ಮಾಡೀರಿ ಸಾಹೇಬ್ರ? ಕಿತ್ತರ ಸಾಯೂ ಹಂಗಿದ್ರ ಜೇಕಿಗೆ ನಾವು ವರ್ಷಾ ವರ್ಷಾ ಯಾಕ ಬಗ್ಗತಿದ್ವಿ? ಬುಡ ಒಳಗ ಅದ. ನೋಡ್ಕೋತ ಇರ್ರಿ, ಒಂದಕ್ಕ ಹತ್ತು ಬರ್ತದ. ಬರ್ಲಿಲ್ಲಂದ್ರ ನಾ ಈ ಊರಿಗೆ ಕಾಲಿಡಂಗಿಲ್ಲ.”

ಆಪಿನ ಹೊಸ ಹೊರೆ ತಂದು ಹಚ್ಚಿಕೊಟ್ಟು ಹೋದಳು. ಜೇಕು ಮಾತ್ರ ಮುಟ್ಟಲಿಲ್ಲ.

ಬಂತು. ಹತ್ತೋ ಇಪ್ಪತ್ತೋ, ಎಣಿಸಲು ಹೋಗಿಲ್ಲ. ಭತ್ತದ ಸಾಲುಗಳ ನಡುವೆ ತೂರಿ, ಸಾಲುಗಳನ್ನೇ ಅಳಿಸಿ, ಚೆಲ್ಲಾಪಿಲ್ಲಿಯಾಗಿ ಬಂತು. ನನ್ನ ಬಾಯಿ ಹೇಳಲಾರದ್ದನ್ನು ಜೇಕು ತಾನೇ ಮಾಡಿಕೊಂಡಿತು. ಹಿಂಗಾರಿಯ ಮಳೆ ಒಂದು ರಾತ್ರಿ ಬಿಡದೆ ಹೊಡೆಯಿತು. ಬೆಳಗ್ಗೆ ಹೋಗಿ ನೋಡಿದರೆ ದಂಡೆ ಇದ್ದಲ್ಲೇ ಇದೆ, ನೀರಿಗೆ ನೀರಿನ ಬಣ್ಣವೇ ಇದೆ. ಆಪಿನ ಮರೆಯಲ್ಲಿ ನೀರುಕೋಳಿಯೊಂದು, ನಮ್ಮ ಮೇಲಿನ ಸಿಟ್ಟು ಮರೆತು, ಕೊರಳು ಚಾಚಿ ಓಡಾಡುತ್ತಿತ್ತು.

ಹಕ್ಕಿಗಳು ತಿಂದು ಬಿಟ್ಟಷ್ಟು ತೆನೆಯನ್ನು ಸಾವಕಾರರು ತಾವೇ ಕುಡುಗೋಲು ಹಿಡಿದು ಕೊಯ್ದರು. ಎಲ್ಲ ಸೇರಿ ಒಂದು ಸೇರು ಆಗಿರಬಹುದು. ಅದನ್ನು ಮನೆಯ ದೇವರ ಮುಂದಿಟ್ಟಿದ್ದಾರಂತೆ. ಜೆಸಿಬಿಯ ಸುದ್ದಿ ಎತ್ತಲಿಲ್ಲ, ನಾನೂ ಎತ್ತಿಸಲಿಲ್ಲ. ಈಗ ಮಟಮಾರಿಯಿಂದ ಬೀಗರು ಬಂದರೆ ಊಟಕ್ಕೆ ಮೊದಲು ಕೆರೆಗೆ ಕರೆತರುತ್ತಾರೆ. “ನಾವು ಮೊದಲಿಂದ ಹೇಳತಿದ್ವಿ, ದಂಡಿಗೆ ಜೇಕು ಬೇಕಂತ,” ಎನ್ನುತ್ತಾರೆ. (ನಾನು ಪಕ್ಕದಲ್ಲೇ ನಿಂತು ಗಂಭೀರವಾಗಿ ತಲೆಯಾಡಿಸುತ್ತೇನೆ. ಗೆದ್ದವನಿಗೆ ಇಷ್ಟು ಔದಾರ್ಯ ಇರಬೇಕು.)

ಕಳೆದ ವಾರ ಹುಲಿಗೆಮ್ಮ ಬಂದಿದ್ದಳು, ಕೆಲಸಕ್ಕಲ್ಲ, ನೋಡುವುದಕ್ಕೆ. ಏರಿಯ ಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯಂತೆ ನಿಂತಿದ್ದಳು. ನನ್ನ ಹೆಂಡತಿ, “ಯಾಕವ್ವಾ, ಕೈ ನೋಯ್ತಾವೇನು?” ಎಂದು ಕೇಳಿದಳು.

“ಇಲ್ಲ ಯವ್ವಾ. ಇಷ್ಟು ಜೇಕು ಕಂಡಮ್ಯಾಲ ಈ ಕೈನ ನಂಬಾಕ ಬರಂಗಿಲ್ಲ,” ಎಂದಳು. ಮುಖದ ತುಂಬ ನಗು.

ಸಾವಕಾರರಿಗೆ ಈ ಮಾತು ತಲುಪಿಸಿದೆ. ಅವರು ತಡಮಾಡಲಿಲ್ಲ. ಹಂಸ ಕೂರಬೇಕಿದ್ದ ಮೂಲೆಯಲ್ಲಿ ಮೊನ್ನೆ ಸಿಮೆಂಟಿನ ಕಂಬ ನಿಲ್ಲಿಸಿ, ಹಸಿರು ಬೋರ್ಡು ತೂಗುಹಾಕಿಸಿದ್ದಾರೆ: ‘ಇಲ್ಲಿ ಕಳೆ ಕೀಳುವುದನ್ನು ನಿಷೇಧಿಸಲಾಗಿದೆ.’

ಭತ್ತದ ಈ ನಾಡಿನಲ್ಲಿ ಇಂಥದೊಂದು ಬೋರ್ಡು ಇರುವ ಊರು ಇನ್ನೊಂದಿದ್ದರೆ ಹೇಳಿ, ನೋಡೋಣ?