ಜೈತುನಬಿ ಕೊಟ್ಟ ಮಾಫಿ

ಇಳಕಲ್ಲಿನ ಜೈತುನಬಿ ಸೀರೆಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಸುತ್ತಿಯೇ ಮುದುಕಿಯಾದವಳು. ಅವಳು ಕೂಡಿಟ್ಟ ದುಡ್ಡು ತೆಗೆದುಕೊಂಡು ಏಜೆಂಟನೊಬ್ಬ ಮೆಕ್ಕಾಕ್ಕೆ ಉಮ್ರಾ ಯಾತ್ರೆಯ ಟಿಕೆಟು ಮಾಡಿಸಿಕೊಟ್ಟಾಗ, ಯಾತ್ರೆಗೆ ಹೊರಡುವವರ ವಾಡಿಕೆಯಂತೆ ಮನೆಮನೆಗೆ ಹೋಗಿ, ತನ್ನಿಂದಾದ ತಪ್ಪುಗಳಿಗೆ ಮಾಫಿ ಕೇಳಿದಳು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ನಾದಿನಿಯ ಕೈಯನ್ನೂ ಹಿಡಿದಳು.

ಮೊಮ್ಮಗಳು ಫರಹಾನಾ ಮಾತ್ರ, "ದಾದಿ, ಟಿಕೆಟ್ ಖರೆ ಐತೋ ಇಲ್ಲೋ, ವಿಮಾನದವರನ್ನ ಒಮ್ಮೆ ಕೇಳೂಣು" ಅಂದಿದ್ದಳು.

"ಅಲ್ಲಾನ ಮನಿಗೆ ಹೋಗೂ ಮುಂದ ಸಂಶಯ ಪಡಬಾರದು, ಸುಮ್ನಿರು!" ಎಂದು ಜೈತುನಬಿ ಗದರಿಸಿದ್ದಳು.

ವಿಮಾನ ನಿಲ್ದಾಣದವರ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಟಿಕೆಟು ಖೊಟ್ಟಿ. ಏಜೆಂಟನ ಫೋನು ಬಂದ್. ಅವಳು ತಿರುಗಿ ಬಸ್ಸು ಹತ್ತಿದಾಗ, ಊರವರು ಹಾಕಿದ ಹೂವಿನ ಹಾರ ಚೀಲದಲ್ಲಿ ಇನ್ನೂ ಪೂರ್ತಿ ಬಾಡಿರಲಿಲ್ಲ. ಅಳು ಬರಲಿಲ್ಲ, ಹಸಿವೆಯೂ ಆಗಲಿಲ್ಲ.

ಮರುದಿನ ಮತ್ತೆ ರಾಟೆಯ ಮುಂದೆ ಕೂತಳು. "ಏಳು ದಾದಿ, ಪೊಲೀಸರಿಗೆ ಕಂಪ್ಲೇಂಟ್ ಕೊಡೂಣು" ಎಂದು ಫರಹಾನಾ ತೋಳು ಹಿಡಿದು ಎಳೆದಳು.

ಜೈತುನಬಿ ರಾಟೆ ನಿಲ್ಲಿಸಲಿಲ್ಲ.

"ಮಾಫಿ ಕೇಳಾಕ ಆ ಏಜೆಂಟನ ಮನಿಗೂ ಹೋಗಿದ್ನೆವಾ. ಅವನೂ ನನ್ನ ಕೈ ಹಿಡಕೊಂಡು, 'ನನ್ನಿಂದ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ ಚಾಚಿ' ಅಂದ."

ಕಂಡಿಕೆ ತುಂಬಿತು. ಇನ್ನೊಂದು ಹಾಕಿದಳು.

"ನಾ ಮಾಡಿಬಿಟ್ಟೇನಿ."