ತೂಗದೆ ತಿಂದ ಅಂಟಿನುಂಡಿ

ಬಾಯಿಗೆ ಹೋಗುವುದನ್ನೆಲ್ಲ ತೂಗಿ ಬರೆಯಬೇಕು. ರಾಯಬಾಗದ ಕಡೆಯ ಸೈನ್ಯಭರ್ತಿ ತರಬೇತಿ ಶಿಬಿರದಲ್ಲಿ ನಾನು ಹಾಕಿದ್ದ ನಿಯಮ ಇದೊಂದೇ. ಆ ದಾಖಲೆಯಿಂದ ಓಟ, ಕಸರತ್ತಿಗೆ ಎಷ್ಟು ಶಕ್ತಿ ಬೇಕೆಂದು ಅಂದಾಜಿಸಿ, ಮುಂದಿನ ತಂಡದ ಊಟ ನಿಗದಿ ಮಾಡುವುದು ನನ್ನ ಕೆಲಸ. ಈಗಿನ ಹುಡುಗರು ಕಡಿಮೆ ಬರೆದರೆ ಆ ತಂಡ ಹಸಿದೇ ಓಡಬೇಕು.

ವಿಚಿತ್ರವೆಂದರೆ, ದಾಖಲೆಯ ಪ್ರಕಾರ ಅರೆಹೊಟ್ಟೆ ಉಂಡವರ ಮೈತೂಕ ಏರುತ್ತಿತ್ತು! ಕೇಳಿದೆ. ಎಲ್ಲರೂ ತಂತಮ್ಮ ಟ್ರಂಕು ನೋಡಿದರು. ಒಳಗೆ ಮನೆಯ ಅಂಟಿನುಂಡಿ.

"ಅವ್ವ ಕಳಿಸಿದ್ದು ಊಟದಾಗ ಬರೂದಿಲ್ರಿ ಸರ್," ಎಂದನೊಬ್ಬ.

ತರಬೇತಿ ಕೊಡುವ ಉಸ್ತಾದರು ನಗುತ್ತ ಎಲ್ಲರಿಗೂ ಉಂಡಿ ಹಂಚಿ, ನನ್ನ ಕೈಗೂ ಒಂದಿಟ್ಟರು. "ತಿನ್ರಿ, ಒಂದಕ್ಕ ಏನಾಗ್ತೈತಿ?"

ಕಚ್ಚಿಯೇಬಿಟ್ಟೆ.

ಪಾಲಬಾವಿಯ ಮಲ್ಲಪ್ಪ ಮಾತ್ರ ತನಗೆ ಕೊಟ್ಟದ್ದನ್ನು ತಿನ್ನಲಿಲ್ಲ. "ಮುಂದಿನ ಬ್ಯಾಚಿನ್ಯಾಗ ನನ್ನ ತಮ್ಮ ಬರಾಂವದಾನ್ರಿ," ಎಂದು ಅದನ್ನು ತಕ್ಕಡಿಗಿಟ್ಟು, ನನ್ನ ಕೈಯಲ್ಲಿದ್ದ ಅರ್ಧ ಉಂಡಿಯನ್ನೂ ಕಸಿದುಕೊಂಡ.