ಮಟಕಿಗೆ ರಕ್ತ ಕೇಳಿಕೊಂಡು ಬಂದವಳು

ರಕ್ತ ಕೊಡಲೆಂದು ತಂಗಿ ಮಹಾದೇವಿ ಚಾಚಿದ ಕೈಯನ್ನು ನಾನು ಹಿಡಿದು ಹಿಂದಕ್ಕೆ ಎಳೆದೆ. ಎದುರಿಗಿದ್ದ ಸಂಶೋಧನಾ ವಿದ್ಯಾರ್ಥಿನಿ ಸಿರಿಂಜನ್ನು ಕೆಳಗಿಳಿಸಿದಳು. ಎದೆಯ ದೊಡ್ಡ ರಕ್ತನಾಳ ಒಡೆದು ನಮ್ಮಣ್ಣ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಣ್ಣನನ್ನು ನೋಡಿದ ವೈದ್ಯರೇ ಕಳಿಸಿದ್ದಾರೆ ಎಂದು ಹೇಳಿಕೊಂಡು ಈಕೆ ನಮ್ಮೂರು ಮಟಕಿಯ ನಮ್ಮ ಮನೆಗೆ ಬಂದಿದ್ದಳು. ನನಗೆ ನಂಬಿಕೆ ಬರಲಿಲ್ಲ. ಗುರುತಿನ ಚೀಟಿಯನ್ನು ಎರಡೆರಡು ಸಲ ತಿರುವಿ ನೋಡಿದೆ.

"ನಮ್ ರಕ್ತ ಒಯ್ದು ಏನ್ ಮಾಡ್ತೀರಿ?" ಎಂದೆ.

"ರಕ್ತನಾಳದ ಗೋಡ್ಯಾಗಿನ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸ್ತಾವ್ರಿ. ನಿಮ್ಮಣ್ಣಾವ್ರಿಗೆ ಆ ಸಂದೇಶ ತಪ್ಪಿ ಗೋಡಿ ತೆಳ್ಳಗಾಗಿತ್ತು. ಒಡಹುಟ್ಟಿದ ನಿಮಗೂ ಹಂಗ ಇರಬಹುದು, ಅದನ್ನ ರಕ್ತದಾಗ ಹುಡುಕ್ತೀವ್ರಿ. ರಕ್ತ ಕೊಡದಿದ್ರೂ ಚಿಂತಿಲ್ಲ, ಇಬ್ಬರೂ ಎದಿ ಸ್ಕ್ಯಾನ್ ಮಾಡಿಸ್ಕೊಳ್ರಿ," ಎನ್ನುತ್ತ ಸಿರಿಂಜನ್ನು ಚೀಲಕ್ಕೆ ಹಾಕಿದಳು.

ಸ್ಕ್ಯಾನ್ ಸೆಂಟರಿನ ಏಜೆಂಟೇ ಇರಬೇಕೆಂದು ಆಗ ನನಗೆ ಖಾತ್ರಿಯಾಯಿತು. ಎಲ್ಲಿಗೆ ಹೋಗಬೇಕೆಂದು ಬೇಕಂತಲೇ ಕೇಳಿದೆ. "ನಿಮಗ ನಂಬಿಕಿ ಇದ್ದಲ್ಲಿ ಹೋಗ್ರಿ," ಎಂದು ಎದ್ದು ಹೋದಳು.

ಆ ಮಾತು ಮೂರು ದಿನ ಕೊರೆಯಿತು. ನಾಲ್ಕನೇ ದಿನ, ನಾನೇ ಆರಿಸಿದ ವೈದ್ಯರ ಬಳಿ ಇಬ್ಬರೂ ಕಲಬುರಗಿಗೆ ಹೋದೆವು. ಸ್ಕ್ಯಾನಿನಲ್ಲಿ ನನ್ನದು ಸರಿಯಿತ್ತು. ಮಹಾದೇವಿಯ ರಕ್ತನಾಳ ಮಾತ್ರ ಉಬ್ಬಿತ್ತು. ತಡ ಮಾಡಿದ್ದರೆ ಅಣ್ಣನಿಗಾದದ್ದೇ ಆಗುತ್ತಿತ್ತು ಎಂದರು ವೈದ್ಯರು.

ಶಸ್ತ್ರಚಿಕಿತ್ಸೆಯಾಗಿ ತಂಗಿ ಈಗ ಆರಾಮಾಗಿದ್ದಾಳೆ. ಆ ಹುಡುಗಿಯನ್ನು ನಾನೇ ಕರೆಸಿ ರಕ್ತ ಕೊಟ್ಟೆ. ಅಪರಿಚಿತರನ್ನು ಈಗಲೂ ಸಂಶಯದಿಂದಲೇ ನೋಡುತ್ತೇನೆ. ಆದರೆ ಅವರ ಮಾತು ಮುಗಿಯುವವರೆಗೆ ಕೂರಿಸಿಕೊಂಡು ಕೇಳುತ್ತೇನೆ.